ಪಕ್ಕದ ಸೈಟಿನ ಕಾಂಗ್ರೆಸ್ ಗಿಡ ಯಾರ್ದು?

ಬ್ರಿಟನ್ನಿನ ಸ್ವಾನ್ಸಿಯಲ್ಲಿ ನಾವು ಮನೆ ತಗೊಂಡಾಗ ಮಾರೋರು ತುಂಬಿ ಕೊಡೋ ಒಂದು ಫಾರಂ ಬಂತು, ಟಿಎ6 ಅಂತ ಅದಕ್ಕೆ, ಬೇಲಿ ಯಾರ್ದು, ನೆರೆ ನೀರು ನುಗ್ಗಿತ್ತಾ, ಅಕ್ಕಪಕ್ಕದೋರ ಜತೆ ತಕರಾರು ಇದ್ಯಾ ಅನ್ನೋ ಪ್ರಶ್ನೆಗಳ ಮಧ್ಯೆ ಈ ಜಾಗದಲ್ಲಿ ಜಪಾನೀಸ್ ನಾಟ್‌ವೀಡ್ ಅನ್ನೋ ಕಳೆ ಗಿಡ ಇದ್ಯಾ ಅಂತಾನೂ ಕೇಳಿದಾರೆ. ಹೌದು, ಇಲ್ಲ, ಗೊತ್ತಿಲ್ಲ, ಮೂರರಲ್ಲಿ ಒಂದಕ್ಕೆ ಗುರುತು ಹಾಕ್ಬೇಕು. ನಮಗೆ ಮಾರಿದೋರು ಗೊತ್ತಿಲ್ಲ ಅಂತ ಹಾಕಿದ್ರು. ಸರ್ವೇಗೆ ಬಂದೋರು ಹಿತ್ತಲ ಬೇಲಿ ಹತ್ರ ಒಣಗಿ ನಿಂತಿದ್ದ ಕಂದು ದಂಟುಗಳ ಫೋಟೋ ತಗೊಂಡ್ರು, ಬ್ಯಾಂಕಿನೋರು ಲೋನ್ ನಿಲ್ಲಿಸಿಬಿಟ್ರು, ಕೊನೆಗೆ ಮಾರೋರೇ ದುಡ್ಡು ಹಾಕಿ ಔಷಧಿ ಹೊಡೆಸೋಕೆ ಒಪ್ಪಿ ಹತ್ತು ವರ್ಷದ ಗ್ಯಾರಂಟಿ ಕಾಗದ ಕೊಟ್ಮೇಲೆ ನಮ್ಮ ಕೈಗೆ ಬೀಗದ ಕೈ ಬಂತು.

ಒಂದು ಗಿಡಕ್ಕೆ ಇಷ್ಟೆಲ್ಲಾ ಯಾಕೆ ಅಂತ ಆಗ ಸಿಟ್ಟು ಬಂದಿತ್ತು. ಈಗ ಬರಲ್ಲ. 19ನೇ ಶತಮಾನದಲ್ಲಿ ಜಪಾನಿಂದ ಚಂದಕ್ಕೆ ಅಂತ ತಂದು ತೋಟದಲ್ಲಿ ನೆಟ್ಟಿದ್ದು ಇದು, ನೋಡೋಕೆ ಬಿದಿರಿನ ಥರ ಟೊಳ್ಳು ದಂಟು, ಮೇಲೆ ಕೆಂಪು ಚುಕ್ಕೆ, ಬೇಸಿಗೆಯಲ್ಲಿ ದಿನಕ್ಕೆ 10 ಸೆಂಟಿಮೀಟರ್‌ವರೆಗೂ ಏಳುತ್ತೆ. ಬ್ರಿಟನ್‌ನಲ್ಲಿ ಹರಡಿರೋದು ಬೀಜದಿಂದ ಅಲ್ಲ, ಮಣ್ಣೊಳಗಿನ ಗೆಡ್ಡೆಬೇರಿಂದ, ಉಗುರಿನಷ್ಟು ತುಂಡು ಉಳಿದ್ರೂ ಸಾಕು ಮತ್ತೆ ಚಿಗುರುತ್ತೆ. ಅದಕ್ಕೇ ಅಗೆದು ತೆಗೆದ ಮಣ್ಣನ್ನ ಎಲ್ಲೆಂದ್ರಲ್ಲಿ ಸುರಿಯೋ ಹಾಗಿಲ್ಲ, ಕಾನೂನಿದೆ. ಹಿತ್ತಲಲ್ಲಿ ಗಿಡ ಇರೋದು ಅಪರಾಧ ಅಲ್ಲ, ಆದ್ರೆ ಪಕ್ಕದೋರ ಜಾಗಕ್ಕೆ ಹೋಗೋಕೆ ಬಿಟ್ರೆ ಕೋರ್ಟಿಗೆ ಎಳೀಬಹುದು. ನಮ್ಮೂರಿಗೆ ಹತ್ರಾನೇ ಮೇಸ್ಟೆಗ್ ಅಂತ ಇದೆ, ಅಲ್ಲಿ ರೈಲ್ವೆ ಜಾಗದ ನಾಟ್‌ವೀಡ್ ಮನೆಗಳ ಕಡೆ ಬಂದಿತ್ತು, 2018ರಲ್ಲಿ ಅಪೀಲ್ ಕೋರ್ಟ್ ಮನೆಯವರ ಪರ ತೀರ್ಪು ಕೊಡ್ತು. ಆ ತೀರ್ಪಲ್ಲಿ ನಂಗೆ ಇಷ್ಟವಾಗಿದ್ದು ಏನಂದ್ರೆ, ಬರೀ ಮನೆ ರೇಟು ಬಿತ್ತು ಅಂತ ಕೇಸ್ ಹಾಕೋಕಾಗಲ್ಲ, ಆದ್ರೆ ಬೇರು ನಿಮ್ಮ ಮಣ್ಣಿಗೆ ಬಂದ್ರೆ ನೀವು ನಿಮ್ಮ ಜಾಗದಲ್ಲಿ ನೆಮ್ಮದಿಯಾಗಿ ಇರೋದಕ್ಕೆ ಅಡ್ಡಿ ಆಯ್ತು, ಅದು ತಪ್ಪು ಅಂದ್ರು.

ಇದನ್ನ ಓದ್ತಾ ಇದ್ದಾಗ ನಂಗೆ ಬೇರೆ ಯಾವ್ದೂ ಅಲ್ಲ, ತುಮಕೂರಿನ ನಮ್ಮ ಮನೆ ನೆನಪಾಯ್ತು. ಪಕ್ಕದ್ದು ಥರ್ಟಿ ಫಾರ್ಟಿ ಖಾಲಿ ಸೈಟು, ಇಟ್ಟುಕೊಂಡ್ರೆ ರೇಟು ಏರುತ್ತೆ ಅಂತ ಯಾರೋ ತಗೊಂಡು ಬಿಟ್ಟಿರೋದು, ಮಳೆ ಶುರುವಾದ್ರೆ ಸೊಂಟದ ಮಟ್ಟ ಕಾಂಗ್ರೆಸ್ ಗಿಡ. ಅಮ್ಮನಿಗೆ ಉಬ್ಬಸ. ಹೂ ಬಿಟ್ಟ ತಿಂಗಳುಗಳಲ್ಲಿ ಅವ್ರು ಆ ಕಡೆ ಕಿಟಕಿ ತೆಗೆಯೋದೇ ಇಲ್ಲ, ರಾತ್ರಿ ಫೋನ್ ಮಾಡಿದ್ರೆ ಮಾತಿನ ಮಧ್ಯೆ ಉಸಿರು ಎಳೆಯೋದು ನಂಗಿಲ್ಲಿ ಕೇಳುತ್ತೆ. ಆಳು ಕರೆಸಿ ಕೀಳಿಸಮ್ಮಾ ಅಂದ್ರೆ "ಬೇರೆಯೋರ ಸೈಟಿಗೆ ನಾವ್ ಕಾಲಿಟ್ರೆ ನಾಳೆ ಒತ್ತುವರಿ ಮಾಡ್ತಿದಾರೆ ಅಂತಾರೆ ಕಣೋ" ಅಂತಾರೆ. ಹೇಳೋದು ಸರಿನೇ.

ಇಲ್ಲಿನೋರು ಮಾಡೋದೆಲ್ಲಾ ಸರಿ ಅಂತ ನಾನು ಹೇಳ್ತಿಲ್ಲ. ಇವರ ಭಯ ಗಿಡಕ್ಕಿಂತ ದೊಡ್ಡದಾಗಿಬಿಟ್ಟಿತ್ತು, 2012ರಲ್ಲಿ ಸರ್ವೇಯರ್‌ಗಳ ಸಂಸ್ಥೆ ಮನೆಯಿಂದ 7 ಮೀಟರ್ ಒಳಗೆ ಇದ್ರೆ ಅಪಾಯ ಅಂತ ಲೆಕ್ಕ ಹಾಕಿದ್ದು 2022ರಲ್ಲಿ 3 ಮೀಟರ್‌ಗೆ ಇಳಿಸ್ತು, ಗೋಡೆಗೆ ಇದು ಮಾಡೋ ಹಾನಿ ದೊಡ್ಡ ಮರಗಳಿಗಿಂತ ಕಮ್ಮಿ ಅಂತಾನೂ ಲೀಡ್ಸ್ ಯೂನಿವರ್ಸಿಟಿಯೋರು 2018ರಲ್ಲಿ ತೋರಿಸಿದ್ರು. ಅಷ್ಟೊತ್ತಿಗೆ ಎಷ್ಟು ಜನ ಮನೆ ಮಾರೋಕಾಗದೆ ಒದ್ದಾಡಿರ್ಬೇಕು. ಮತ್ತೆ ಇಲ್ಲಿ ಎಲ್ಲದಕ್ಕೂ ಒಂದೇ ಉತ್ತರ, ಕಂಪನಿ ಕರೆಸಿ ಗ್ಲೈಫೋಸೇಟ್ ಅನ್ನೋ ಕಳೆನಾಶಕ ಹೊಡೆಸೋದು, ವರ್ಷಗಟ್ಟಲೆ.

ಈ ವಿಷಯದಲ್ಲಿ ನಮ್ಮೋರ ಕೈ ಮೇಲು ಅನ್ಸುತ್ತೆ ನಂಗೆ. 1984ರಲ್ಲೇ ಬೆಂಗಳೂರಲ್ಲಿ ಕಾಂಗ್ರೆಸ್ ಗಿಡದ ಎಲೆ ತಿನ್ನೋ ಮೆಕ್ಸಿಕೋ ಜೀರುಂಡೆ ಬಿಟ್ರು, ಅದು ಅಲ್ಲೇ ನೆಲೆ ನಿಂತು ಇವತ್ತಿಗೂ ಮಳೆಗಾಲದಲ್ಲಿ ಎಲೆ ಬೋಳಿಸ್ತಾ ಇದೆ, ಬ್ರಿಟನ್ನಿನೋರು ನಾಟ್‌ವೀಡ್‌ಗೆ ಇಂಥದ್ದೇ ಒಂದು ಹುಳ ಬಿಟ್ಟಿದ್ದು 2010ರಲ್ಲಿ, ಅದು ಸರಿಯಾಗಿ ನೆಲೆ ನಿಲ್ಲಲೇ ಇಲ್ಲ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಕಾಡಿಗೆ ನುಗ್ಗಿರೋ ಲಂಟಾನ ಅನ್ನೋ ಕಳೆ ಕಡಿದು ಬೇಯಿಸಿ ಸಿಪ್ಪೆ ಸುಲಿದು ಕುರ್ಚಿ ಬುಟ್ಟಿ ಮಾಡ್ತಾರೆ. 2021ರಲ್ಲಿ ಲಂಡನ್ ಗ್ರೀನ್ ಪಾರ್ಕಿನಲ್ಲಿ ನಿಜವಾದ ಆನೆಯಷ್ಟೇ ದೊಡ್ಡ ಲಂಟಾನ ಆನೆಗಳನ್ನ ನಿಲ್ಲಿಸಿದ್ರಲ್ಲ, ನೀಲಗಿರಿ ಕಡೆ ಆದಿವಾಸಿಗಳು ಕಟ್ಟಿದ್ದು, ನಾನು ಮಗಳನ್ನ ಕರ್ಕೊಂಡು ಹೋಗಿ ಮುಟ್ಟಿ ನೋಡಿ ಬಂದೆ, ಕಣ್ಣು ಒದ್ದೆ ಆಯ್ತು. ಅದೇ ಲಂಟಾನನ ಇಲ್ಲಿ ಗಾರ್ಡನ್ ಸೆಂಟರ್‌ನಲ್ಲಿ ಕುಂಡದಲ್ಲಿಟ್ಟು ಮಾರ್ತಾರೆ, ಚಳಿಗೆ ಸಾಯುತ್ತೆ ಅಂತ ಯಾರಿಗೂ ಚಿಂತೆ ಇಲ್ಲ, ಬಂಡೀಪುರದಲ್ಲಿ ಅದು ಹುಲ್ಲು ಹುಟ್ಟೋಕೆ ಜಾಗ ಬಿಡಲ್ಲ.

ಅಂದ್ರೆ ಕೀಳೋ ಕೈ, ಬುದ್ಧಿ ಎರಡೂ ನಮ್ಮಲ್ಲಿದೆ. ಇಲ್ದೇ ಇರೋದು ಆ ಫಾರಂನ ಒಂದು ಪ್ರಶ್ನೆ. ಸೈಟ್ ರಿಜಿಸ್ಟರ್ ಮಾಡೋವಾಗ ಖಾತೆ ನೋಡ್ತೀವಿ, ಇಸಿ ತೆಗೆಸ್ತೀವಿ, ಚಕ್ಕುಬಂದಿ ಒಂದೊಂದಡಿ ಅಳೀತೀವಿ, ಆ ನಾಲ್ಕು ಗಡಿ ಒಳಗೆ ಬೆಳೆಯೋದಕ್ಕೆ ಯಾರು ಜವಾಬ್ದಾರಿ ಅಂತ ಒಂದು ಸಾಲು ಬರ್ಸೋಕೆ ಏನು ಕಷ್ಟ? ಒಂದು ಕಾಂಗ್ರೆಸ್ ಗಿಡ ಸಾವಿರಾರು ಬೀಜ ಉದುರಿಸುತ್ತೆ, ಗಾಳೀಲಿ ನೀರಲ್ಲಿ ಇಡೀ ಲೇಔಟಿಗೆ ಹೋಗುತ್ತೆ, ಮಣ್ಣಲ್ಲಿ ವರ್ಷಗಟ್ಟಲೆ ಸಾಯದೇ ಕೂತಿರುತ್ತೆ. ಲೇಔಟಿನ ಸಂಘದೋರು ವರ್ಷಕ್ಕೊಮ್ಮೆ ಖಾಲಿ ಸೈಟಿನೋರ ಹತ್ರ ಒಪ್ಪಿಗೆ ಕಾಗದ ಮತ್ತು ಕೂಲಿ ದುಡ್ಡು ತಗೊಂಡ್ರೂ ಆಯ್ತು, ಒತ್ತುವರಿ ಅನ್ನೋ ಮಾತೇ ಬರಲ್ಲ.

ಹೋದ್ ಸಲ ಊರಿಗೆ ಬಂದಾಗ ಹೇಗೋ ಆ ಸೈಟಿನೋರ ನಂಬರ್ ಸಿಕ್ತು, ಅಮ್ಮನ ವಿಷಯ ಹೇಳಿದೆ. "ಅಯ್ಯೋ ಸರ್, ನಂಗೆ ಗೊತ್ತೇ ಇರ್ಲಿಲ್ಲ, ದಯವಿಟ್ಟು ಕೀಳಿಸಿ, ದುಡ್ಡು ನಾನ್ ಹಾಕ್ತೀನಿ" ಅಂದ್ರು, ವಾಟ್ಸಾಪಲ್ಲಿ ಬರೆದೂ ಕಳ್ಸಿದ್ರು. ಮಳೆ ಬಿದ್ದು ಮಣ್ಣು ಮೆತ್ತಗಿದ್ದಾಗ ಇನ್ನೂ ಹೂ ಬಿಡೋ ಮುಂಚೆ ಇಬ್ಬರು ಆಳು ತುಂಬು ತೋಳಿನ ಅಂಗಿ, ಗ್ಲೌಸ್, ಮಾಸ್ಕ್ ಹಾಕ್ಕೊಂಡು ಬೇರು ಸಮೇತ ಕಿತ್ತು ಗುಂಡಿಗೆ ಹಾಕಿದ್ರು, ಒಂದೂವರೆ ದಿನದ ಕೆಲಸ. ಅಮ್ಮ ಆವತ್ತು ಸಂಜೆ ಕಿಟಕಿ ತೆಗೆದ್ರು.