ಎಷ್ಟು ಸೆಂಟ್ ಆಯ್ತು?

ಕೊಡಗಿನ ಸೋಮವಾರಪೇಟೆ ಕಡೆಯ ತೋಟದ ಮನೆಗಳಿಗೆ ಮಳೆಗಾಲದ ಬೆಳಿಗ್ಗೆ ಫೋನ್ ಬಂತು ಅಂದ್ರೆ ಹಲೋ ಆದ್ಮೇಲೆ ಮೊದಲನೇ ಮಾತು ಆರೋಗ್ಯದ್ದಲ್ಲ, ತಿಂಡಿದೂ ಅಲ್ಲ. "ಎಷ್ಟಾಯ್ತು?" ಅಷ್ಟೇ, ಮಳೆ ಲೆಕ್ಕ. ಈ ಕಡೆಯಿಂದ "1 ಇಂಚು 40 ಸೆಂಟು, ನಿಮ್ಮಲ್ಲಿ?" ಅಂತ ಹೋಗುತ್ತೆ, ನೂರು ಸೆಂಟಿಗೆ ಒಂದು ಇಂಚು. ಆ ಕಡೆಯವರು 1 ಇಂಚು 55 ಅಂದ್ರೆ ನಮ್ಮ ಮಾವನ ಮುಖ ಸ್ವಲ್ಪ ಸಣ್ಣದಾಗುತ್ತೆ, 15 ಸೆಂಟ್ ಮಳೆ ಯಾರೋ ಬೇಲಿ ಹಾರಿಸಿಕೊಂಡು ಹೋದ್ರೇನೋ ಅನ್ನೋ ಥರ. ಇದೆಲ್ಲಾ ಆದ್ಮೇಲೆ ಮಗಳ ಮದುವೆ, ಮಂಡಿನೋವು, ಆನೆ ಬಂದಿದ್ದು, ಆಳು ಬರದೇ ಇದ್ದದ್ದು.

ನಾನು ಮದ್ದೂರು ಕಡೆಯವಳು. ನಮ್ಮಲ್ಲಿ ಮಳೆ ಬಂತು ಇಲ್ಲಾ ಬರ್ಲಿಲ್ಲ, ಹೆಚ್ಚಂದ್ರೆ ಹದ ಮಳೆ ಆಯ್ತು ಅಂತಾರೆ. ಅದನ್ನ ಬಾಟ್ಲಿಲಿ ಹಿಡಿದು ಗಾಜಿನ ಲೋಟಕ್ಕೆ ಹುಯ್ದು ಗೆರೆ ನೋಡಿ ಡೈರಿಲಿ ಬರೆದಿಡೋ ಜನ ಇದಾರೆ ಅಂತ ಗೊತ್ತಾಗಿದ್ದೇ ಈ ಮನೆಗೆ ಸೊಸೆಯಾಗಿ ಬಂದ್ಮೇಲೆ. ಬಂದ ಹೊಸದ್ರಲ್ಲಿ ಕಣದ ಮೂಲೆಲಿ ಸಿಮೆಂಟ್ ಕಟ್ಟೆ ಮೇಲೆ ಕೂರಿಸಿದ್ದ ಆ ಡಬ್ಬ ನೋಡಿ ಏನೋ ದೇವರ ಸಾಮಾನು ಇರಬೇಕು ಅಂದ್ಕೊಂಡಿದ್ದೆ, ಯಾಕಂದ್ರೆ ಮಕ್ಕಳು ಚೆಂಡಾಡ್ತಾ ಆ ಕಡೆ ಹೋದ್ರೆ ಅಜ್ಜಿಯಿಂದ ಹಿಡಿದು ಎಲ್ಲರೂ ಕೂಗ್ತಿದ್ರು.

ನಮ್ದು ದೊಡ್ಡ ಎಸ್ಟೇಟ್ ಏನಲ್ಲ. ಕಾಫಿ ಬೋರ್ಡ್ ಲೆಕ್ಕದಲ್ಲಿ 25 ಎಕರೆ ಒಳಗಿರೋರೆಲ್ಲಾ ಸಣ್ಣ ಬೆಳೆಗಾರರು, ನಾವು ಆ ಸಣ್ಣೋರಲ್ಲೂ ಸಣ್ಣೋರು. ಗುಡ್ಡದ ಮೇಲ್ಗಡೆ ಸ್ವಲ್ಪ ಅರೇಬಿಕಾ, ಕೆಳಗಡೆ ರೋಬಸ್ಟಾ, ಸಿಲ್ವರ್ ಮರಗಳಿಗೆ ಹಬ್ಬಿಸಿದ ಮೆಣಸು, ತೋಡಿನ ಪಕ್ಕ ಒಂದು ತುಂಡು ಗದ್ದೆ, ಹಟ್ಟಿಲಿ ಗೌರಿ ಅಂತ ಒಂದು ಹಸು, ಅದರ ಮಗಳು, ಆ ಮಗಳ ಕರು. ಇಷ್ಟಕ್ಕೆ ಮನೇಲಿ ಆರು ಜನ, ಅಜ್ಜಿ ಸೇರಿ. ಕೆಲಸಕ್ಕೆ ಬರೋರು ವರ್ಷವರ್ಷಕ್ಕೂ ಕಮ್ಮಿ ಆಗ್ತಿದಾರೆ, ಹಂಗಾಗಿ ಗಿಡ ಸವರೋ ಕಪಾತಿನಿಂದ ಕುಯ್ಲಿನವರೆಗೆ ಮನೆಮಂದಿಯೇ ನಿಲ್ಲಬೇಕು.

ಮಾವ ಆ ಡಬ್ಬ, ಅಂದ್ರೆ ಮಳೆ ಅಳೆಯೋ ಗೇಜ್, ನೋಡೋದು ಬೆಳಿಗ್ಗೆ ಎಂಟೂವರೆಗೆ. ಹವಾಮಾನ ಇಲಾಖೆಯವರೂ ಎಂಟೂವರೆಗೇ ಅಳೆಯೋದಂತೆ, ಅದಕ್ಕೇ ನಮ್ಮನೇಲೂ ಒಂದು ನಿಮಿಷ ಆಚೀಚೆ ಇಲ್ಲ, ರೊಟ್ಟಿ ತಟ್ಟೆಲಿ ಆರ್ತಾ ಇದ್ರೂ ಸರಿ. ತಲೆ ಮೇಲೆ ಪ್ಲಾಸ್ಟಿಕ್ ಕೊಪ್ಪೆ ಹಾಕ್ಕೊಂಡು ಹೋಗ್ತಾರೆ. ಮೊದಲು ಮೇಲಿನ ಆಲಿಕೆ ಎತ್ತಿ ಅದರೊಳಗೆ ಬಿದ್ದ ಸಿಲ್ವರ್ ಎಲೆಯನ್ನ ಬೆರಳಿಂದ ಚಿಮ್ಮಿ ಎಸೀತಾರೆ. ಆಮೇಲೆ ಒಳಗಿನ ಬಾಟ್ಲಿ ತೆಗೆದು ಅಳತೆ ಲೋಟಕ್ಕೆ ಹುಯ್ದು, ಕೊನೇ ಹನಿ ಬೀಳೋವರೆಗೂ ಬಾಟ್ಲಿ ಕವುಚಿ ಹಿಡಿದು, ಲೋಟವನ್ನ ಕಣ್ಣಿನ ಮಟ್ಟಕ್ಕೆ ಎತ್ತುತಾರೆ. ನೀರು ಅಂಚಲ್ಲಿ ಸ್ವಲ್ಪ ಮೇಲಕ್ಕೆ ಹತ್ತಿ ನಡುವೆ ತಗ್ಗಾಗಿರುತ್ತಲ್ಲ, ಆ ತಗ್ಗನ್ನೇ ನೋಡಬೇಕು, ಅಂಚು ನೋಡಿದ್ರೆ ಸುಳ್ಳು ಲೆಕ್ಕ ಅಂತ ನನ್ನ ಮಗನಿಗೆ ಪಾಠ ಬೇರೆ. ಕನ್ನಡಕ ತೆಗೆದು ಒಂದ್ಸಲ, ಹಾಕ್ಕೊಂಡು ಒಂದ್ಸಲ ನೋಡ್ತಾರೆ. ಅಷ್ಟೊತ್ತಿಗೆ ಮೈಯೆಲ್ಲಾ ನೆಂದಿರುತ್ತೆ, ಕಾಲಿಗೆ ರಕ್ತ ಹೀರೋ ಇಂಬಳ ಒಂದೆರಡು ಹತ್ತಿರುತ್ತೆ, ಅದರ ಪರಿವೆ ಇಲ್ಲ. ಬಾಗಿಲಲ್ಲಿ ಅತ್ತೆ ಕೋಲಿನ ತುದಿಗೆ ಕಟ್ಟಿದ ಉಪ್ಪಿನ ಗಂಟು ಹಿಡ್ಕೊಂಡು ಕಾಯ್ತಿರ್ತಾರೆ.

ಟೀವಿಲಿ ಮಿಲಿಮೀಟರ್ ಹೇಳಿದ್ರೆ ಮಾವ ಕೂತಲ್ಲೇ 25.4 ರಿಂದ ಭಾಗಿಸಿ ಇಂಚು ಮಾಡ್ತಾರೆ. ಇಂಚು, ಸೆಂಟು, ಅದೇ ಇಲ್ಲಿನ ಮಳೆ ನಾಣ್ಯ. ಭಾಗಮಂಡಲದ ಕಡೆ ವರ್ಷಕ್ಕೆ 200 ಇಂಚು ದಾಟೋದುಂಟು, ಅದೇ ಜಿಲ್ಲೆಯ ಕುಶಾಲನಗರದಲ್ಲಿ 40 ಇಂಚಿನ ಆಸುಪಾಸು. ಹಂಗಾಗಿ ಪಕ್ಕದ ತೋಟದ ಲೆಕ್ಕ ನಮ್ಮ ತೋಟಕ್ಕೆ ಬರಲ್ಲ, ಪ್ರತಿ ಮನೆಗೂ ಒಂದು ಗೇಜ್ ಬೇಕೇ ಬೇಕು ಅನ್ನೋದು ಮಾವನ ವಾದ. ವಾದ ಸರಿಯಾಗೇ ಇದೆ, ಒಂದು ಗುಡ್ಡ ದಾಟಿದ್ರೆ ಮಳೆ ಬೇರೆ.

ಲೆಕ್ಕ ಬರೆಯೋದು ಗೊಬ್ಬರದಂಗಡಿಯವರು ಕೊಡೋ ಡೈರಿಲಿ. ಹಳೇ ಡೈರಿಗಳೆಲ್ಲಾ ಅಟ್ಟದ ಮೇಲೆ ಟ್ರಂಕ್‌ನಲ್ಲಿವೆ. ಒಂದ್ಸಲ ಗೌರಿ ಗಣೇಶ ಹಬ್ಬಕ್ಕೆ ಅಟ್ಟ ಗುಡಿಸುವಾಗ ಕೂತು ಓದಿದೆ, ಗುಡಿಸೋ ಕೆಲಸ ಅಲ್ಲಿಗೇ ನಿಂತಿತು. ನನ್ನ ಮಗ ಹುಟ್ಟಿದ ದಿನದ ಪುಟ: "3 ಇಂಚು 10. ಹಟ್ಟಿ ಹೆಂಚು ಹಾರಿತು. ಗಂಡು ಮಗು." ಅದೇ ಕ್ರಮದಲ್ಲಿ. ನಮ್ಮ ಮದುವೆ ದಿನದ್ದು ಇನ್ನೂ ಚೆನ್ನಾಗಿದೆ: "ಮದ್ದೂರಿನಲ್ಲಿ ಮದುವೆ. ಇಲ್ಲಿ 22 ಸೆಂಟ್, ಪಕ್ಕದ ಮನೆಯವರ ಲೆಕ್ಕ." ಅಂದ್ರೆ ಮಗನ ಧಾರೆ ಎರೆಯೋಕೆ ಹೋಗೋ ಮುಂಚೆ ಗೇಜ್ ನೋಡೋಕೆ ಜನ ಗೊತ್ತು ಮಾಡಿ ಹೋಗಿದ್ರು ಮಹಾರಾಯರು. ಇವ್ರಿಗೆ ಓದಿ ಹೇಳಿದ್ರೆ "ಹೂಂ, ಅಪ್ಪ ಹಂಗೇ" ಅಂದು ಸುಮ್ಮನಾದ್ರು.

ಆದ್ರೆ ಮನೇಲಿ ಮಳೆ ಅಳೆಯೋರು ಮಾವ ಒಬ್ರೇ ಅಲ್ಲ. ಅಜ್ಜಿಗೆ ಇಂಚೂ ಗೊತ್ತಿಲ್ಲ ಸೆಂಟೂ ಬೇಡ, ಎಲ್ಲಾ ನಕ್ಷತ್ರದ ಲೆಕ್ಕ. ಆರಿದ್ರೆ ಮಳೆ ಹಿಡಿದ್ರೆ ಬಿಡಲ್ಲ, ಪುನರ್ವಸು ಪುಷ್ಯ ಅಣ್ಣತಮ್ಮ ಇದ್ದಂಗೆ, ಒಬ್ಬ ಬಂದ್ರೆ ಇನ್ನೊಬ್ಬನೂ ಬರ್ತಾನೆ ಅಂತ ಒಲೆ ಮುಂದೆ ಕೂತು ಹೇಳ್ತಾ ಇರ್ತಾರೆ. ಅತ್ತೆಯ ಲೆಕ್ಕ ಸೌದೆ ಮತ್ತೆ ಬಟ್ಟೆಯದ್ದು. ಜುಲೈನಲ್ಲಿ ಒಗೆದ ಬಟ್ಟೆ ಒಂದು ವಾರ ನೇತಾಡಿದ್ರೂ ಒಣಗಲ್ಲ, ವಾಸನೆ ಹಿಡಿಯುತ್ತೆ, ಅದಕ್ಕೆ ಅಗ್ಗಿಷ್ಟಿಕೆಗೆ ಕೆಂಡ ಹಾಕಿ ಮೇಲೆ ಬಿದಿರಿನ ಬುಟ್ಟಿ ಕವುಚಿ ಅದರ ಮೇಲೆ ಮಗನ ಯೂನಿಫಾರಂ ಹರಡ್ತಾರೆ. ಸೌದೆ ಕೊಟ್ಟಿಗೆಲಿ ರಾಶಿ ಅರ್ಧಕ್ಕಿಂತ ಕೆಳಗೆ ಇಳಿದಿದ್ದು ಆಗಸ್ಟ್‌ಗೆ ಮುಂಚೆ ಆದ್ರೆ ಈ ವರ್ಷ ಮಳೆ ಜಾಸ್ತಿ, ಮುಗೀತು, ಮಾವನ ಡೈರಿ ಏನೇ ಹೇಳ್ಲಿ. ಯೂನಿಫಾರಂ ಹೊಗೆ ವಾಸನೆ ಹೊಡೆಯುತ್ತೆ ಅಂತ ಮಗ ಗೊಣಗ್ತಾನೆ, ಕ್ಲಾಸಲ್ಲಿ ಎಲ್ಲರದ್ದೂ ಅದೇ ವಾಸನೆ ಬಿಡು ಅಂತೀನಿ.

ಮಗನದ್ದಂತೂ ಸರಳ. ಡಿಸಿ ರಜೆ ಕೊಟ್ರೆ ದೊಡ್ಡ ಮಳೆ, ಕೊಡ್ಲಿಲ್ಲ ಅಂದ್ರೆ ಸಣ್ಣ ಮಳೆ. ರಾತ್ರಿ ಹೆಂಚಿನ ಮೇಲೆ ಸದ್ದು ಜೋರಾಯ್ತು ಅಂದ್ರೆ ಫೋನ್ ಹಿಡ್ಕೊಂಡು ವಾಟ್ಸಾಪ್ ನೋಡ್ತಾ ಕೂರ್ತಾನೆ. ಆದ್ರೆ ರಜೆ ಕೊಡೋ ಅಷ್ಟು ಮಳೆ ಬಂದ್ರೆ ಕರೆಂಟ್ ಹೋಗಿರುತ್ತೆ, ಕರೆಂಟ್ ಹೋಗಿ ಸ್ವಲ್ಪ ಹೊತ್ತಿಗೆ ಟವರ್ ಹೋಗುತ್ತೆ, ರಜೆಯ ಸುದ್ದಿ ಬರೋಕೆ ದಾರಿಯೇ ಇರಲ್ಲ. ಎಷ್ಟೋ ಸಲ ರೈನ್‌ಕೋಟ್ ಹಾಕ್ಕೊಂಡು ಬಸ್ ಸ್ಟಾಪ್ ತನಕ ಹೋಗಿ ಅಲ್ಲಿ ಯಾರೂ ಇಲ್ಲದ್ದು ನೋಡಿ ರಜೆ ಅಂತ ಗೊತ್ತು ಮಾಡ್ಕೊಂಡು ಕುಣಿತಾ ವಾಪಸ್ ಬಂದಿದಾನೆ.

ಈ ಎಲ್ಲಾ ಅಳತೆಗಳೂ ಒಂದೇ ಆಗೋದು ಬೇಸಿಗೆಲಿ, ಹೂಮಳೆಗೆ. ಫೆಬ್ರವರಿ ಕೊನೆ ಮಾರ್ಚ್ ಹೊತ್ತಿಗೆ ಗಿಡದಲ್ಲಿ ಮೊಗ್ಗು ಕಟ್ಟಿ ಕಾಯ್ತಾ ಇರುತ್ತೆ, ಆಗ ಒಂದು ಇಂಚಿನ ಹತ್ರ ಮಳೆ ಆಗಬೇಕು. ಹಂಗೆ ಆಯ್ತು ಅಂದ್ರೆ ಒಂದು ವಾರ ಹತ್ತು ದಿನದೊಳಗೆ ತೋಟ ಪೂರ್ತಿ ಬೆಳ್ಳಗಾಗುತ್ತೆ, ಮಲ್ಲಿಗೆ ಥರದ ಘಮ ಮನೆಯೊಳಗೆಲ್ಲಾ ಬರುತ್ತೆ, ಜೇನು ಹುಳದ ಸದ್ದು ಬೆಳಿಗ್ಗೆ ಅಡುಗೆಮನೆವರೆಗೂ ಕೇಳುತ್ತೆ. ರೋಬಸ್ಟಾಗೆ ಆ ಜೇನು ಬೇಕೇ ಬೇಕು, ಬೇರೆ ಗಿಡದ ಪರಾಗ ಬರದೇ ಅದು ಕಾಯಿ ಕಚ್ಚಲ್ಲ, ಅರೇಬಿಕಾಗೆ ಅಂಥ ಹಂಗಿಲ್ಲ. 30 ಸೆಂಟ್ ಬಿದ್ದು ನಿಂತು ಹೋಯ್ತೋ, ಅದಕ್ಕಿಂತ ಬರದೇ ಇದ್ರೇ ವಾಸಿ, ಮೊಗ್ಗು ಅರ್ಧ ಎದ್ದು ಸರಿಯಾಗಿ ಅರಳದೆ ಹಾಳಾಗುತ್ತೆ. ಅಂಥ ದಿನ ನಮ್ಮನೇಲಿ ಯಾರೂ ಯಾರನ್ನೂ ಮಾತಾಡಿಸಲ್ಲ. ಇವ್ರು ಎದ್ದು ಪಂಪಿಗೆ ಡೀಸೆಲ್ ತರೋಕೆ ಹೋಗ್ತಾರೆ, ಕೆರೆಯಲ್ಲಿ ಉಳಿದಿರೋ ನೀರಿಂದ ಸ್ಪ್ರಿಂಕ್ಲರ್ ಹೊಡೆದು ಬಾಕಿ ಮಳೆ ತುಂಬಿಸಬೇಕು. ದುಡ್ಡಿದ್ದೋರು ಮೋಡದ ದಾರಿ ಕಾಯಲ್ಲ, ಟೈಮಿಗೆ ಸರಿಯಾಗಿ ನೀರು ಹಾರಿಸ್ತಾರೆ, ನಮ್ಮಂಥೋರು ಆಕಾಶ ನೋಡಿ, ಕೆರೆ ನೋಡಿ, ಡೀಸೆಲ್ ರೇಟ್ ನೋಡಿ, ಮತ್ತೆ ಆಕಾಶ ನೋಡೋದು. ಹೂವಾದ್ಮೇಲೆ ಎರಡು ಮೂರು ವಾರಕ್ಕೆ ಇನ್ನೊಂದು ಮಳೆ, ಬ್ಯಾಕಿಂಗ್ ಮಳೆ ಅಂತಾರೆ, ಅದೂ ಬರಬೇಕು. ಹೂ ಅರಳಿದ ದಿನವೇ ಮಳೆ ಬಂದ್ರೆ ಮತ್ತೆ ಕಷ್ಟ. ಒಟ್ಟಲ್ಲಿ ಅದು ಹೇಳಿದ ದಿನ ಬರಬೇಕು, ಹೇಳಿದಷ್ಟೇ ಬರಬೇಕು, ಹೇಳಿದ ತಕ್ಷಣ ನಿಲ್ಲಬೇಕು. ಅಜ್ಜಿ ಕೂಡ ಆಗ ನಕ್ಷತ್ರ ಬಿಟ್ಟು "ಎಷ್ಟು ಸೆಂಟಂತೆ?" ಅಂತ ಕೇಳ್ತಾರೆ.

ಕುಯ್ಲಿನ ಹೊತ್ತಲ್ಲಿ ಮೋಡ ಕಂಡ್ರೆ ಬೇರೆ ನಾಟಕ. ಕಣದಲ್ಲಿ ಚೆರಿ, ಅಂದ್ರೆ ಕಾಫಿ ಹಣ್ಣು, ಹರಡಿರುತ್ತೆ, ಹತ್ತು ಹದಿನೈದು ದಿನ ಬಿಸಿಲು ಕಾಣ್ಬೇಕು ಅದಕ್ಕೆ. ರಾತ್ರಿ ಎರಡು ಗಂಟೆಗೆ ಹೆಂಚಿನ ಮೇಲೆ ಟಪ್ ಅಂತ ಒಂದು ಹನಿ ಬಿದ್ರೆ ಸಾಕು, ಮನೆಗೆ ಮನೆಯೇ ಎದ್ದು ಓಡುತ್ತೆ. ಟಾರ್ಚ್ ಒಬ್ರ ಕೈಲಿ, ಟಾರ್ಪಾಲಿನ ಒಂದೊಂದು ಮೂಲೆ ಒಬ್ಬೊಬ್ರ ಕೈಲಿ, ಗಾಳಿಗೆ ಅದು ಉಬ್ಬಿ ನಮ್ಮನ್ನೇ ಎಳ್ಕೊಂಡು ಹೋಗುತ್ತೆ, ಅಂಚಿಗೆ ಇಡೋ ಕಲ್ಲು ಯಾವಾಗ್ಲೂ ಇನ್ನೊಂದು ಮೂಲೆಲೇ ಇರುತ್ತೆ. ಅಜ್ಜಿ ಜಗಲಿ ಮೇಲೆ ನಿಂತು ಎಲ್ಲರಿಗೂ ಒಟ್ಟಿಗೇ ಬೈತಿರ್ತಾರೆ. ಮುಚ್ಚಿ ಮುಗಿಸಿ ಒಳಗೆ ಬರೋ ಅಷ್ಟೊತ್ತಿಗೆ ಮಳೆ ನಿಂತು ನಕ್ಷತ್ರ ಕಾಣ್ತಾ ಇರುತ್ತೆ. ಬೆಳಿಗ್ಗೆ ಗೇಜಲ್ಲಿ 2 ಸೆಂಟ್. ಮಾವ ಅದನ್ನೂ ಬರೀತಾರೆ.

ನನ್ನ ಕಷ್ಟ ಇರೋದು ಜುಲೈ ತಿಂಗಳಲ್ಲಿ. ನಮ್ಮ ತೋಡಿನ ನೀರು ಹೋಗಿ ಹಾರಂಗಿ ಸೇರುತ್ತೆ, ಹಾರಂಗಿ ಕೂಡಿಗೆ ಹತ್ರ ಕಾವೇರಿ ಸೇರುತ್ತೆ, ಕಾವೇರಿ ಹೋಗಿ ಕನ್ನಂಬಾಡಿ ಕಟ್ಟೆಲಿ ನಿಲ್ಲುತ್ತೆ, ಅಲ್ಲಿಂದ ವಿಶ್ವೇಶ್ವರಯ್ಯ ನಾಲೆಲಿ ನಮ್ಮಪ್ಪನ ಗದ್ದೆಗೆ. ಇಲ್ಲಿ ಇಂಚಲ್ಲಿ ಬಿದ್ದ ಮಳೆ ಅಲ್ಲಿ ಅಡಿ ಲೆಕ್ಕಕ್ಕೆ ಏರುತ್ತೆ. ಅಪ್ಪ ಪೇಪರ್‌ನಲ್ಲಿ ಮೊದಲು ನೋಡೋದೇ ಕಟ್ಟೆ ಮಟ್ಟ, 124.80 ಅಡಿ ತುಂಬೋವರೆಗೂ ಸಮಾಧಾನ ಇಲ್ಲ. "ಹೆಂಗವ್ವ ಅಲ್ಲಿ ಮಳೆ? ಜಡಿತಾ ಅದಾ?" ಅಂತ ಫೋನು. ಜೋರಾಗಿದೆ ಅಪ್ಪ ಅಂದ್ರೆ "ಹುಯ್ಲಿ ಬುಡವ್ವ, ಹುಯ್ಲಿ" ಅಂತ ಖುಷಿ. ಅದೇ ಹೊತ್ತಿಗೆ ಪಕ್ಕದಲ್ಲಿ ಮಾವ ಕೊಳೆ ರೋಗ ಬಂದ ಕಾಫಿ ರೆಂಬೆ ಹಿಡ್ಕೊಂಡು ಕೂತಿರ್ತಾರೆ, ಎಲೆ ಕಪ್ಪಾಗಿ ಕಳಚಿ ಬೂಷ್ಟಿನ ನೂಲಲ್ಲಿ ನೇತಾಡ್ತಿರುತ್ತೆ, ಗಿಡದ ಬುಡದಲ್ಲಿ ಎಳೇ ಕಾಯಿ ಉದುರಿರುತ್ತೆ, ಬೋರ್ಡೋ ಔಷಧಿ ಹೊಡೆಯೋಣ ಅಂದ್ರೆ ಅರ್ಧ ದಿನ ಬಿಡುವು ಕೊಡ್ತಿಲ್ಲ ಮಳೆ. "ಯಾರಮ್ಮ, ಬೀಗರಾ? ಏನಂತಾರೆ?" ಅಂತ ಕೇಳ್ತಾರೆ. ಚೆನ್ನಾಗಿದಾರಂತೆ ಮಾವ ಅಂತೀನಿ, ಇನ್ನೇನು ಹೇಳ್ಲಿ. 2023ರಲ್ಲಿ ಮಳೆ ಕೈಕೊಟ್ಟು ಕಟ್ಟೆ ತುಂಬದೇ ಹೋದಾಗ ಅಪ್ಪನ ದನಿ ಇಳಿದು ಹೋಗಿತ್ತು, ಮಾರನೇ ವರ್ಷ ಜುಲೈನಲ್ಲೇ ತುಂಬಿದ್ದಕ್ಕೆ ಇಡೀ ಊರಿಗೆ ತಾನೇ ನೀರು ಬಿಟ್ಟಂಗೆ ಮಾತಾಡಿದ್ರು. ಆ ವರ್ಷ ನಮ್ಮ ಕೆಳಗಿನ ರೋಬಸ್ಟಾದಲ್ಲಿ ಕಾಯಿ ಕಮ್ಮಿ. ಪುಣ್ಯಕ್ಕೆ ಕಾಫಿ ರೇಟ್ ಏರಿತ್ತು, ಬದುಕಿದ್ವಿ.

2018ರ ಆಗಸ್ಟ್ ಬಗ್ಗೆ ಮಾತ್ರ ಯಾರೂ ಲೆಕ್ಕ ಕೇಳಲ್ಲ. ಮಕ್ಕಂದೂರು, ಕಾಲೂರು, ಜೋಡುಪಾಲದ ಕಡೆ ಗುಡ್ಡಗಳೇ ಜಾರಿ ಬಂದ ತಿಂಗಳು. ಒಂದು ಸೆಂಟ್ ಬಿಡದ ಮನುಷ್ಯ ಆ ವಾರದ ಒಂದು ಪುಟದಲ್ಲಿ "ಬಾಟ್ಲಿ ತುಂಬಿ ಚೆಲ್ಲಿದೆ" ಅಂತಷ್ಟೇ ಬರೆದಿದಾರೆ, ಅಂಕಿ ಇಲ್ಲ. ಅಪ್ಪನೂ ಆಗ ಕಟ್ಟೆ ವಿಷಯ ಎತ್ತಲಿಲ್ಲ, ನೀವೆಲ್ಲಾ ಇಲ್ಲಿಗೇ ಬಂದ್ಬುಡಿ ಅಂತ ದಿನಾ ಫೋನ್ ಮಾಡ್ತಿದ್ರು, ಲೈನ್ ಸಿಕ್ಕಾಗ.

ಈಗ ಇವ್ರು ಆನ್‌ಲೈನಲ್ಲಿ ಒಂದು ಡಿಜಿಟಲ್ ಗೇಜ್ ತರಿಸಿದಾರೆ. ಕಂಬದ ಮೇಲೆ ನಿಂತು ತಾನೇ ಅಳೆದು ಫೋನಿಗೆ ಕಳಿಸುತ್ತೆ, ನೆನೆಯೋ ಹಾಗಿಲ್ಲ, ಇಂಬಳ ಹತ್ತೋ ಹಾಗಿಲ್ಲ. ಮಾವ ಅದನ್ನ ಬೇಡ ಅನ್ಲಿಲ್ಲ, ಆದ್ರೆ ಎಂಟೂವರೆಗೆ ಕೊಪ್ಪೆ ಹಾಕ್ಕೊಂಡು ಹೋಗೋದನ್ನೂ ಬಿಡ್ಲಿಲ್ಲ. ಎರಡರ ಲೆಕ್ಕ ಯಾವತ್ತೂ ಕೂಡಲ್ಲ, ನಾಲ್ಕು ಸೆಂಟೋ ಆರು ಸೆಂಟೋ ವ್ಯತ್ಯಾಸ. ತಿಂಡಿ ಮುಂದೆ ಅಪ್ಪ ಮಗನಿಗೆ ಅದೇ ಜಗಳ. ಗಾಳಿ ಬೀಸಿದಾಗ ನಿನ್ನ ಮಿಷಿನ್ ತಪ್ಪು ತೋರಿಸುತ್ತೆ ಅಂತ ಮಾವ, ನಿಮ್ಮ ಲೋಟದ ಗೆರೆ ಸವೆದು ಹೋಗಿದೆ ಅಂತ ಇವ್ರು. ಪಕ್ಕದ ಮನೆಯವರ ಫೋನ್ ಬಂದಾಗ ಮಾವ ಯಾವುದನ್ನ ಹೇಳ್ತಾರೆ ಅಂತ ಒಂದಷ್ಟು ಕಾಲ ಗಮನಿಸಿದೆ. ಮಳೆ ಬೇಕಾಗಿರೋ ಕಾಲದಲ್ಲಿ ಎರಡರಲ್ಲಿ ಹೆಚ್ಚು ತೋರಿಸಿದ್ದನ್ನ ಹೇಳ್ತಾರೆ. ಮಳೆ ಬೇಡವಾಗಿರೋ ಕಾಲದಲ್ಲೂ ಹೆಚ್ಚು ತೋರಿಸಿದ್ದನ್ನೇ ಹೇಳ್ತಾರೆ.