ಮೂಗಿಗಿಂತ ಮೂಗುತಿ ಭಾರ ಆಗೋ ಲ್ಯಾಪ್‌ಟಾಪ್‌ಗಳ ಬಗ್ಗೆ

ಕೆಲಸದ ಮೇಲೆ ಊರೂರು ತಿರುಗೋರು ಯಾರಾದ್ರೂ "ಲೈಟ್‌ವೇಟ್ ಲ್ಯಾಪ್‌ಟಾಪ್ ಒಂದು ಹೇಳಿ" ಅಂದ್ರೆ ನಾನು ತಿರುಗಿ ಕೇಳೋದು ಒಂದೇ, ಈಗಿರೋ ಚಾರ್ಜರ್ ಎಷ್ಟು ತೂಗತ್ತೆ? ಉತ್ತರ ಯಾರ ಹತ್ರಾನೂ ಇರಲ್ಲ. ಲ್ಯಾಪ್‌ಟಾಪ್ ತೂಕ ಮಾತ್ರ ಗ್ರಾಂ ಲೆಕ್ಕದಲ್ಲಿ ಬಾಯಿಪಾಠ, ಇದು 1.24, ಅದು 1.09, ಇನ್ನೊಂದು ಒಂದು ಕೆಜಿಗಿಂತ ಕಮ್ಮಿ ಅಂತ. ಅಲ್ಲಾ ಸ್ವಾಮಿ, ಹೆಗಲ ಮೇಲೆ ಹೊರೋದು ಬ್ಯಾಗ್ ತಾನೇ? ಅದರೊಳಗೆ ಆ ಕಪ್ಪು ಇಟ್ಟಿಗೆ ಥರದ ಚಾರ್ಜರ್ ಇದೆ, ಅದಕ್ಕೊಂದು ಹೆಬ್ಬೆರಳು ದಪ್ಪದ ತ್ರೀ ಪಿನ್ ವೈರ್ ಇದೆ, ಫೋನ್‌ಗೆ ಬೇರೆ ಚಾರ್ಜರ್, ಪವರ್ ಬ್ಯಾಂಕ್, ಪ್ರೊಜೆಕ್ಟರ್‌ಗೆ ಅಂತ ಒಂದು ಡಾಂಗಲ್ (ಪೋರ್ಟ್ ಬದಲಿಸೋ ತುಂಡು), ಮೌಸು, ಅದರ ಸೆಲ್ಲು. ಅಡುಗೆಮನೆ ತಕ್ಕಡಿ ಮೇಲೆ ಒಂದ್ಸಲ ಇವನ್ನೆಲ್ಲಾ ಗುಡ್ಡೆ ಹಾಕಿ ನೋಡಿ. ವೈರ್ ಸಮೇತ ಆ ಇಟ್ಟಿಗೆ ಒಂದೇ ಎಷ್ಟೋ ಸಲ ಕಾಲು ಕೆಜಿ ದಾಟಿರತ್ತೆ. ಲ್ಯಾಪ್‌ಟಾಪ್‌ನಲ್ಲಿ ನೂರು ಗ್ರಾಂ ಉಳಿಸೋಕೆ ಅಷ್ಟೊಂದು ದುಡ್ಡು ಸುರಿದು ಕೊನೆಗೆ ಅದರ ಎರಡರಷ್ಟನ್ನ ಬ್ಯಾಗಿನ ಸೈಡ್ ಪಾಕೆಟ್‌ಗೆ ತುರುಕ್ತೀವಿ.

ಅದಕ್ಕೆ ನನ್ನ ಅಭಿಪ್ರಾಯ ಏನಪ್ಪಾ ಅಂದ್ರೆ, 1.3 ಕೆಜಿ ಒಳಗೆ ಬಂತಾ, ಅಲ್ಲಿಗೆ ತೂಕದ ಮಾತು ನಿಲ್ಲಿಸಿ. ಅಲ್ಲಿಂದ ಮುಂದೆ ನೋಡ್ಬೇಕಾಗಿರೋದು ಬ್ಯಾಟರಿ, ಚಾರ್ಜಿಂಗ್, ಪೋರ್ಟು. ಇವು ಮೂರು ಸರಿ ಇದ್ರೆ ಬ್ಯಾಗ್ ತಾನಾಗೇ ಹಗುರ ಆಗತ್ತೆ.

2008ರ ಜನವರಿಯಲ್ಲಿ ಆಪಲ್‌ನ ಸ್ಟೀವ್ ಜಾಬ್ಸ್ ಆಫೀಸ್ ಕವರ್ ಒಳಗಿಂದ ಮ್ಯಾಕ್‌ಬುಕ್ ಏರ್ ತೆಗೆದು ತೋರಿಸಿದಾಗ ಜಗತ್ತೇ ಬಾಯಿ ಬಿಟ್ಕೊಂಡು ನೋಡ್ತಲ್ಲ, ಅದರ ತೂಕ 1.36 ಕೆಜಿ. ಇವತ್ತು ಎಲ್‌ಜಿ ಗ್ರಾಂ ಸೀರೀಸ್‌ನಲ್ಲಿ 17 ಇಂಚಿನ ಮಾಡೆಲ್ಲೇ ಹತ್ತಿರ ಹತ್ತಿರ ಅಷ್ಟು ತೂಗತ್ತೆ. ಲೆನೊವೊದ ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್ ಈಗ ಒಂದು ಕೆಜಿ ಗೆರೆಯಿಂದಲೂ ಕೆಳಗಿಳಿದಿದೆ. ಫುಜಿತ್ಸು ಅಂತೂ 13 ಇಂಚಿನ ಲ್ಯಾಪ್‌ಟಾಪ್‌ನ 634 ಗ್ರಾಂಗೆ ಇಳಿಸಿ ತೋರಿಸ್ತು. ಕೈಯಲ್ಲಿ ಹಿಡಿದ್ರೆ ಡಮ್ಮಿ ಪೀಸ್ ಅನ್ನಿಸೋ ಅಷ್ಟು ಹಗುರ. ಆದ್ರೆ ಆ ತೂಕ ಇಳಿಸೋಕೆ ಏನೇನು ಕಿತ್ತು ಹಾಕಿದ್ರು ಅಂತಾನೂ ಕೇಳ್ಬೇಕು. ಅಲ್ಯೂಮಿನಿಯಂ ಬದಲು ಮೆಗ್ನೀಸಿಯಂ ಮಿಶ್ರಲೋಹ, ಕಾರ್ಬನ್ ಫೈಬರ್ ಹಾಕಿದ್ರೆ ಬಾಡಿಯಲ್ಲಿ ಸ್ವಲ್ಪ ಉಳಿಯತ್ತೆ, ನಿಜ. ಅಷ್ಟಕ್ಕೆ ಸಾಲಲ್ಲ, ಆಗ ಕತ್ತರಿ ಬೀಳೋದು ಬ್ಯಾಟರಿಗೆ. ಬ್ಯಾಟರಿ ಚಿಕ್ಕದಾದ್ರೆ ಚಾರ್ಜರ್ ಬಿಟ್ಟು ಹೊರಗೆ ಹೋಗೋಕೆ ಧೈರ್ಯ ಬರಲ್ಲ, ಚಾರ್ಜರ್ ಜೊತೆ ಪವರ್ ಬ್ಯಾಂಕೂ ಬರತ್ತೆ, ಇಳಿಸಿದ ತೂಕ ಬಡ್ಡಿ ಸಮೇತ ವಾಪಸ್.

ಬ್ಯಾಟರಿ ನೋಡುವಾಗ "18 ಗಂಟೆ ಬರತ್ತೆ" ಅನ್ನೋ ದೊಡ್ಡ ಅಕ್ಷರ ನೋಡ್ಬೇಡಿ, ಸ್ಪೆಕ್ ಶೀಟಿನ ಕೆಳಗೆಲ್ಲೋ ಇರೋ ವ್ಯಾಟ್ ಅವರ್ ನೋಡಿ, ಅಂದ್ರೆ ಬ್ಯಾಟರಿ ಎಷ್ಟು ಶಕ್ತಿ ಹಿಡಿದಿಡತ್ತೆ ಅನ್ನೋ ಲೆಕ್ಕ. ಆ ಗಂಟೆ ಲೆಕ್ಕ ಸಾಮಾನ್ಯವಾಗಿ ಬ್ರೈಟ್‌ನೆಸ್ ಇಳಿಸಿ, ಸೇವ್ ಮಾಡಿಟ್ಟ ವಿಡಿಯೋ ಓಡಿಸಿ ತೆಗೆದಿರೋದು. ನಾವು ಮಾಡೋ ಕೆಲಸ ಅದಾ? ಬ್ರೌಸರ್‌ನಲ್ಲಿ ಲೆಕ್ಕವಿಲ್ಲದಷ್ಟು ಟ್ಯಾಬು, ಒಂದು ಕಡೆ ಎಕ್ಸೆಲ್ಲು, ಮಧ್ಯದಲ್ಲಿ ವಿಡಿಯೋ ಕಾಲ್. ಈ ವಿಡಿಯೋ ಕಾಲ್ ಅನ್ನೋದು ಬ್ಯಾಟರಿಗೆ ದೊಡ್ಡ ಶತ್ರು, ಯಾಕಂದ್ರೆ ಕ್ಯಾಮೆರಾ, ಮೈಕು, ವೈಫೈ, ಸ್ಕ್ರೀನು ಎಲ್ಲಾ ಒಟ್ಟಿಗೆ ಉರೀತಿರತ್ತೆ, ಜೊತೆಗೆ ನಿಮ್ಮ ಮುಖಾನ ಆ ಕ್ಷಣವೇ ಕಂಪ್ರೆಸ್ ಮಾಡಿ ಕಳಿಸ್ಬೇಕು, ಎದುರಿನವರ ಮುಖಗಳನ್ನ ಬಿಚ್ಚಿ ತೋರಿಸ್ಬೇಕು. ಡಬ್ಬಿ ಮೇಲೆ ಬರೆದಿದ್ದರಲ್ಲಿ ಅರ್ಧ ಸಿಕ್ಕಿದ್ರೆ ಪುಣ್ಯ ಅಂದ್ಕೊಳ್ಳಿ. 14 ಇಂಚಿನದ್ದಾದ್ರೆ 55, 60 ವ್ಯಾಟ್ ಅವರ್‌ಗಿಂತ ಕೆಳಗಿನದ್ದನ್ನ ನಾನಂತೂ ಮುಟ್ಟಲ್ಲ.

ಇನ್ನೊಂದು ವಿಷಯ, ವಿಮಾನದಲ್ಲಿ ಓಡಾಡೋರಿಗೆ ಇದು ಗೊತ್ತಿರಲೇಬೇಕು. ಕೇಳದೇ ಒಯ್ಯಬಹುದಾದ ಲಿಥಿಯಂ ಬ್ಯಾಟರಿಯ ಮಿತಿ 100 ವ್ಯಾಟ್ ಅವರ್. 100ರಿಂದ 160ರ ತನಕ ಇರೋದಕ್ಕೆ ಏರ್‌ಲೈನ್ ಒಪ್ಪಿಗೆ ಬೇಕು. ದೊಡ್ಡ ಲ್ಯಾಪ್‌ಟಾಪ್‌ಗಳ ಬ್ಯಾಟರಿ ಕೂಡಾ ಸರಿಯಾಗಿ ಆ 100ರ ಹತ್ರ ಬಂದು ನಿಲ್ಲೋದು ಇದಕ್ಕೇ. ಪವರ್ ಬ್ಯಾಂಕ್ ಚೆಕ್‌ಇನ್ ಲಗೇಜ್‌ನಲ್ಲಿ ಹಾಕೋ ಹಾಗಿಲ್ಲ, ಕೈಯಲ್ಲೇ ಇರ್ಬೇಕು. ಅದರ ಮೇಲೆ ಬರೆದಿರೋ ಎಂಎಎಚ್‌ನ 3.7ರಿಂದ ಗುಣಿಸಿ ಸಾವಿರದಿಂದ ಭಾಗಿಸಿ, 20000 ಅಂದ್ರೆ 74 ವ್ಯಾಟ್ ಅವರ್, ತೊಂದ್ರೆ ಇಲ್ಲ. 30000 ಅಂದ್ರೆ 111, ಸೆಕ್ಯೂರಿಟಿ ಚೆಕ್ ಹತ್ರ ನಿಂತು ವಾದ ಮಾಡ್ಬೇಕಾಗತ್ತೆ. ಸಾಲದು ಅಂತ ಸಿಂಗಾಪುರ್ ಏರ್‌ಲೈನ್ಸ್ 2025ರ ಏಪ್ರಿಲ್‌ನಿಂದ, ಎಮಿರೇಟ್ಸ್ ಅದೇ ವರ್ಷದ ಅಕ್ಟೋಬರ್‌ನಿಂದ ವಿಮಾನದೊಳಗೆ ಪವರ್ ಬ್ಯಾಂಕ್‌ನಿಂದ ಚಾರ್ಜ್ ಮಾಡೋದನ್ನೇ ನಿಲ್ಲಿಸಿವೆ. ಹಾಗಾಗಿ "ಬ್ಯಾಟರಿ ಚಿಕ್ಕದಿದ್ರೂ ಪರವಾಗಿಲ್ಲ, ಪವರ್ ಬ್ಯಾಂಕ್ ಇದ್ಯಲ್ಲ" ಅನ್ನೋ ಲೆಕ್ಕಾಚಾರ ದಿನೇ ದಿನೇ ತಲೆಕೆಳಗಾಗ್ತಿದೆ.

ಈಗ ಚಾರ್ಜರ್‌ಗೆ ಬರೋಣ, ನನ್ನ ಪ್ರೀತಿಯ ವಿಷಯ. ಲ್ಯಾಪ್‌ಟಾಪ್ ಟೈಪ್ ಸಿ ಇಂದ ಚಾರ್ಜ್ ಆಗ್ಲೇಬೇಕು, ಆಗದಿದ್ರೆ ಅದು ಎಷ್ಟೇ ಹಗುರ ಇರಲಿ ಟ್ರಾವೆಲ್‌ಗೆ ಬೇಡ. ಟೈಪ್ ಸಿ ಪೋರ್ಟ್ ಇದೆ ಅಂದ ಮಾತ್ರಕ್ಕೆ ಅದರಲ್ಲಿ ಚಾರ್ಜಿಂಗ್ ಇದೆ ಅಂತ ಅಲ್ಲ, ಡೇಟಾಗೆ ಮಾತ್ರ ಕೊಟ್ಟಿರೋ ಮಾಡೆಲ್‌ಗಳೂ ಇವೆ, ಪವರ್ ಡೆಲಿವರಿ ಅಂತ ಸ್ಪಷ್ಟವಾಗಿ ಬರೆದಿರ್ಬೇಕು. ಯುರೋಪಿಯನ್ ಯೂನಿಯನ್ 2026ರ ಏಪ್ರಿಲ್ 28ರಿಂದ ಲ್ಯಾಪ್‌ಟಾಪ್‌ಗಳಿಗೂ ಟೈಪ್ ಸಿ ಚಾರ್ಜಿಂಗ್ ಕಡ್ಡಾಯ ಅಂತ ದಿನ ಗೊತ್ತು ಮಾಡಿದ ಮೇಲೆ ಕಂಪನಿಗಳೂ ದಾರಿಗೆ ಬಂದಿವೆ. ಪೋರ್ಟ್ ಸರಿ ಇದ್ರೆ ಆ ಇಟ್ಟಿಗೆನ ಮನೇಲೇ ಬಿಟ್ಟು ಒಂದು 65 ವ್ಯಾಟ್ ಗ್ಯಾನ್ ಚಾರ್ಜರ್ ಹಾಕ್ಕೊಂಡ್ರೆ ಮುಗೀತು. ಸಿಲಿಕಾನ್ ಬದಲು ಗ್ಯಾಲಿಯಂ ನೈಟ್ರೈಡ್ ಬಳಸಿರೋದ್ರಿಂದ ಹೆಚ್ಚು ವೇಗವಾಗಿ ಸ್ವಿಚ್ ಆಗತ್ತೆ, ಬಿಸಿಯಾಗಿ ಪೋಲಾಗೋದು ಕಮ್ಮಿ, ಒಳಗಿನ ಕಾಯಿಲ್ ಚಿಕ್ಕದಾದ್ರೂ ನಡಿಯತ್ತೆ, ಹಾಗಾಗಿ ಇಡೀ ಚಾರ್ಜರ್ ಮುಷ್ಟಿಯೊಳಗೆ ಅಡಗತ್ತೆ. ಎರಡು ಪೋರ್ಟಿನದ್ದು ತಗೊಂಡ್ರೆ ಫೋನ್ ಚಾರ್ಜರ್ ಕೂಡಾ ಬ್ಯಾಗಿಂದ ಹೊರಗೆ. ಆದ್ರೆ ಎರಡೂ ಒಟ್ಟಿಗೆ ಚುಚ್ಚಿದ್ರೆ ವ್ಯಾಟ್ ಹಂಚಿ ಹೋಗತ್ತೆ, ಲ್ಯಾಪ್‌ಟಾಪ್ ಪಾಲಿಗೆ 45 ಉಳಿಯತ್ತಾ ಅಂತ ನೋಡ್ಕೊಳ್ಳಿ. ಕೇಬಲ್ ವಿಷಯದಲ್ಲೂ ಹುಷಾರು, ಮಾಮೂಲಿ ಟೈಪ್ ಸಿ ಕೇಬಲ್ 60 ವ್ಯಾಟ್‌ವರೆಗೆ ಮಾತ್ರ, ಅದಕ್ಕಿಂತ ಮೇಲಕ್ಕೆ 5 ಆಂಪ್ ಕೇಬಲ್ ಬೇಕು.

ಪೋರ್ಟ್ ಬಗ್ಗೆ ಜಾಸ್ತಿ ಹೇಳಲ್ಲ. ಮೀಟಿಂಗ್ ರೂಮುಗಳಲ್ಲಿ ಟೇಬಲ್ ಮಧ್ಯದ ತೂತಿಂದ ಹೊರಗೆ ಇಣುಕ್ತಿರೋದು ಇವತ್ತಿಗೂ ಪ್ರೊಜೆಕ್ಟರ್‌ಗೆ ಹೋಗೋ ಎಚ್‌ಡಿಎಂಐ ವೈರೇ. ಎಕ್ಸ್1 ಕಾರ್ಬನ್ ಅಷ್ಟು ತೆಳ್ಳಗಿದ್ರೂ ಫುಲ್ ಸೈಜ್ ಎಚ್‌ಡಿಎಂಐ ಉಳಿಸ್ಕೊಂಡಿದೆ, ಮ್ಯಾಕ್‌ಬುಕ್ ಏರ್‌ನಲ್ಲಿ ಇಲ್ಲ, ಡಾಂಗಲ್ ಹೊರ್ಬೇಕು. ಮತ್ತೆ ಡಾಂಗಲ್ ಅನ್ನೋದು ಬೇಕಾದ ದಿನ ಬ್ಯಾಗ್‌ನಲ್ಲಿ ಇರಲ್ಲ ಅನ್ನೋದು ಲೋಕಾರೂಢಿ.

ಪ್ರೊಸೆಸರ್‌ ಕಥೆ ಕಳೆದ ಕೆಲವು ವರ್ಷದಲ್ಲಿ ಪೂರ್ತಿ ಬದಲಾಗಿದೆ. 2020ರಲ್ಲಿ ಆಪಲ್ ಎಂ1 ಬಂದು ಫ್ಯಾನೇ ಇಲ್ಲದ ಲ್ಯಾಪ್‌ಟಾಪ್ ದಿನವಿಡೀ ಓಡಬಹುದು ಅಂತ ತೋರಿಸಿದ ಮೇಲೆ ಉಳಿದವರಿಗೆ ಬೆವರಿಳೀತು. 2024ರಲ್ಲಿ ಸ್ನಾಪ್‌ಡ್ರ್ಯಾಗನ್ ಎಕ್ಸ್ ಎಲೈಟ್ ಬಂತು, ಅದರ ಹಿಂದೆಯೇ ಇಂಟೆಲ್‌ನ ಲೂನಾರ್ ಲೇಕ್ ಬಂತು. ಸ್ನಾಪ್‌ಡ್ರ್ಯಾಗನ್ ತಗೊಳ್ಳೋರು ಒಂದು ಮಾತು ಕೇಳಿ, ಇದು ಇಂಟೆಲ್ ಥರದ್ದಲ್ಲ, ಫೋನ್‌ಗಳಲ್ಲಿ ಇರೋ ಆರ್ಮ್ ಅನ್ನೋ ಬೇರೆ ಜಾತಿಯ ಪ್ರೊಸೆಸರ್, ಹಾಗಾಗಿ ನಿಮ್ಮ ಆಫೀಸ್ ವಿಪಿಎನ್, ಹಳೇ ಪ್ರಿಂಟರು, ಡಿಜಿಟಲ್ ಸಿಗ್ನೇಚರ್ ಟೋಕನ್ ಇವಕ್ಕೆಲ್ಲ ಆರ್ಮ್ ಡ್ರೈವರ್ (ಅವನ್ನ ಓಡಿಸೋ ಸಾಫ್ಟ್‌ವೇರ್) ಇದ್ಯಾ ಅಂತ ಐಟಿಯವರನ್ನ ಮೊದಲೇ ವಿಚಾರಿಸಿ. ಮಾಮೂಲಿ ಆ್ಯಪ್‌ಗಳು ಎಮ್ಯುಲೇಷನ್‌ನಲ್ಲಿ, ಅಂದ್ರೆ ಒಳಗೊಳಗೇ ಅನುವಾದ ಮಾಡ್ಕೊಂಡು, ಹೇಗೋ ಓಡ್ತವೆ, ಡ್ರೈವರ್‌ಗಳು ಓಡಲ್ಲ. ಕ್ಲೈಂಟ್ ಎದುರು ಕೂತಾಗ ವಿಪಿಎನ್ ಕನೆಕ್ಟ್ ಆಗದಿದ್ರೆ ಬ್ಯಾಟರಿ 90 ಪರ್ಸೆಂಟ್ ಇದ್ದು ಏನು ಉಪಯೋಗ? ರ‍್ಯಾಮ್ 16 ಜಿಬಿಗಿಂತ ಕಮ್ಮಿ ಬೇಡ. ಈ ತೆಳ್ಳಗಿನ ಮಾಡೆಲ್‌ಗಳಲ್ಲಿ ಹೆಚ್ಚುಕಮ್ಮಿ ಎಲ್ಲದರಲ್ಲೂ ರ‍್ಯಾಮ್ ಬೋರ್ಡ್‌ಗೆ ಬೆಸೆದಿರ್ತಾರೆ, ಲೂನಾರ್ ಲೇಕ್‌ನಲ್ಲಂತೂ ಪ್ರೊಸೆಸರ್ ಪ್ಯಾಕೇಜ್ ಒಳಗೇ ಇದೆ, ಆಮೇಲೆ ಹಾಕಿಸ್ಕೊಳ್ತೀನಿ ಅನ್ನೋ ಮಾತೇ ಇಲ್ಲ.

ಸ್ಕ್ರೀನ್ 14 ಇಂಚು, ಅಗಲ ಎತ್ತರದ ಅನುಪಾತ 16:10 ಇದ್ರೆ ನನ್ನ ಪ್ರಕಾರ ಅದೇ ಹದ. 15.6 ತಗೊಂಡೋರು ವಿಮಾನದ ಸೀಟಲ್ಲಿ ಒಮ್ಮೆ ಬಿಚ್ಚಿ ನೋಡಿ, ಮುಂದಿನವರು ಸೀಟ್ ಹಿಂದಕ್ಕೆ ವಾಲಿಸಿದ ತಕ್ಷಣ ಸ್ಕ್ರೀನ್‌ನ ಮೇಲಂಚು ಸೀಟಿನ ಸಂದಿಗೆ ಸಿಕ್ಕಿಕೊಳ್ಳತ್ತೆ, ಅವರಿಗೆ ಗೊತ್ತೂ ಆಗಲ್ಲ, ನಿಮ್ಮ ಹಿಂಜ್ ಕಿರ್ ಅನ್ನೋದು ನಿಮಗೆ ಮಾತ್ರ ಕೇಳೋದು. ಮ್ಯಾಟ್ ಫಿನಿಶ್ ಇರ್ಲಿ, 400 ನಿಟ್ಸ್ ಬ್ರೈಟ್‌ನೆಸ್ ಇರ್ಲಿ, ಕಿಟಕಿ ಪಕ್ಕ ಕೂತಾಗ ಅದರ ಬೆಲೆ ಗೊತ್ತಾಗತ್ತೆ. ಓಲೆಡ್ ನೋಡೋಕೆ ಚಂದ, ಆದ್ರೆ ದಿನವಿಡೀ ಬಿಳೀ ಬಣ್ಣದ ಡಾಕ್ಯುಮೆಂಟು, ಎಕ್ಸೆಲ್ ತೆರೆದಿಟ್ಕೊಳ್ಳೋರಿಗೆ ಬ್ಯಾಟರಿ ಜಾಸ್ತಿ ತಿನ್ನತ್ತೆ, ಕಪ್ಪಿಗೆ ಕರೆಂಟ್ ಬೇಡದ ಹಾಗೆ ಬಿಳಿಗೆ ಪೂರ್ತಿ ಬೇಕಲ್ಲ. ಅಂಗಡೀಲಿ ನೋಡುವಾಗ ಮುಚ್ಚಳದ ಒಂದು ಮೂಲೆ ಹಿಡಿದು ಮೆಲ್ಲಗೆ ತೆರೀರಿ, ಸ್ಕ್ರೀನ್ ಹಪ್ಪಳದ ಥರ ಬಳುಕಿದ್ರೆ ತುಂಬಿದ ಬ್ಯಾಗ್‌ನಲ್ಲಿ ಅದು ಬಾಳಲ್ಲ.

ಹೊಸ ವಿಂಡೋಸ್ ಲ್ಯಾಪ್‌ಟಾಪ್ ತಗೊಂಡೋರು ಮೊದಲ ದಿನವೇ ಒಂದು ಸೆಟ್ಟಿಂಗ್ ಬದಲಿಸಿ. ಮಾಡರ್ನ್ ಸ್ಟ್ಯಾಂಡ್‌ಬೈ ಅಂತ ಒಂದಿದೆ, ಮುಚ್ಚಳ ಮುಚ್ಚಿದ್ರೂ ಇದು ಪೂರ್ತಿ ಮಲಗಲ್ಲ, ಫೋನ್ ಥರ ಅರೆಬರೆ ಎಚ್ಚರ ಇರತ್ತೆ. ಬ್ಯಾಗ್‌ಗೆ ಹಾಕಿ ಊರು ಸೇರಿ ತೆಗೆದಾಗ ಮುಟ್ಟೋಕಾಗದಷ್ಟು ಬಿಸಿ, ಬ್ಯಾಟರಿ ಖಾಲಿ. ಲ್ಯಾಪ್‌ಟಾಪ್ ಕೆಟ್ಟಿದೆ ಅಂತ ಸರ್ವಿಸ್ ಸೆಂಟರ್‌ಗೆ ಒಯ್ಯೋರನ್ನ ನೋಡಿದೀನಿ. ಪವರ್ ಆಪ್ಷನ್ಸ್‌ಗೆ ಹೋಗಿ ಮುಚ್ಚಳ ಮುಚ್ಚಿದಾಗ ಹೈಬರ್ನೇಟ್ ಆಗಲಿ (ತೆರೆದಿಟ್ಟ ಕೆಲಸ ಉಳಿಸಿ ಪೂರ್ತಿ ಆಫ್ ಆಗೋದು) ಅಂತ ಮಾಡಿಟ್ರೆ ಆಯ್ತು, ತೆರೆದಾಗ ಕೆಲವು ಸೆಕೆಂಡ್ ಕಾಯ್ಬೇಕು, ಅಷ್ಟೇ.

ಈಗಿರೋದು 1.4, 1.5 ಕೆಜಿದು, ಮೂರ್ನಾಲ್ಕು ವರ್ಷ ಹಳೇದು ಅಂದ್ರೆ ಕೊಳ್ಳೋಕೆ ಓಡೋ ಮುಂಚೆ ಅದರ ಬ್ಯಾಟರಿ ರಿಪೋರ್ಟ್ ತೆಗೆದು ನೋಡಿ, ವಿಂಡೋಸ್‌ನಲ್ಲೇ ಇದೆ. ಡಿಸೈನ್ ಕೆಪಾಸಿಟಿ ಎಷ್ಟಿತ್ತು, ಈಗ ಫುಲ್ ಚಾರ್ಜ್ ಆದಾಗ ಎಷ್ಟು ನಿಲ್ತಿದೆ ಅಂತ ತೋರಿಸತ್ತೆ. ಅರ್ಧಕ್ಕೆ ಇಳಿದಿದ್ರೆ ಹೊಸ ಬ್ಯಾಟರಿ ಹಾಕ್ಸಿ, ಜೊತೆಗೆ ಚಿಕ್ಕ ಗ್ಯಾನ್ ಚಾರ್ಜರ್ ಒಂದು ತಗೊಳ್ಳಿ. ಎರಡೂ ಸೇರಿದ್ರೂ ಹೊಸ ಲ್ಯಾಪ್‌ಟಾಪ್ ಖರ್ಚಿನ ಹತ್ರಕ್ಕೂ ಬರಲ್ಲ, ಬ್ಯಾಗ್ ಮಾತ್ರ ಹೊಸದು ಕೊಂಡೋರ ಬ್ಯಾಗಿನಷ್ಟೇ ಹಗುರ ಆಗಿರತ್ತೆ.