ಹಾಸನದಿಂದ ಚಿಕ್ಕಮಗಳೂರಿಗೆ ವಿಮಾನದಲ್ಲಿ 34 ನಿಮಿಷ

ಹಾಸನದಿಂದ ಚಿಕ್ಕಮಗಳೂರಿಗೆ ವಿಮಾನದಲ್ಲಿ ಹೋದರೆ ಹಿಡಿಯುವ ಕಾಲ 34 ನಿಮಿಷ. ಇದು ಊರೂರುಗಳ ನಡುವಿನ ದೂರವನ್ನೂ ಹಾರಾಟದ ಅವಧಿಯನ್ನೂ ಪುಕ್ಕಟೆಯಾಗಿ ಹೇಳುವ ಅಂತರ್ಜಾಲದ ಲೆಕ್ಕಿಗರ ಸೂತ್ರದಿಂದ ಹೊರಡುವ ಉತ್ತರ. ಎರಡೂ ಊರುಗಳ ಅಕ್ಷಾಂಶ, ರೇಖಾಂಶ ಹಿಡಿದು ಗೆರೆ ಎಳೆದರೆ ಸುಮಾರು 50 ಕಿಲೋಮೀಟರ್. ಗಂಟೆಗೆ 800 ಕಿಲೋಮೀಟರ್ ವೇಗದಲ್ಲಿ ಅದಕ್ಕೆ ನಾಲ್ಕು ನಿಮಿಷವೂ ಬೇಡ. ಏರುವುದಕ್ಕೂ ಇಳಿಯುವುದಕ್ಕೂ ಎಂದು ಧಾರಾಳವಾಗಿ ಅರ್ಧ ಗಂಟೆ ಸೇರಿಸಿದರೆ ಲೆಕ್ಕ ಮುಗಿಯಿತು. ಎಲ್ಲಿಂದ ಏರಬೇಕು, ಎಲ್ಲಿ ಇಳಿಯಬೇಕು ಎಂಬುದನ್ನು ಸೂತ್ರ ಕೇಳುವುದಿಲ್ಲ.

ಹಾಸನದವರು ಇದಕ್ಕೆ ನಗುವ ಹಾಗೂ ಇಲ್ಲ. ಊರ ಪಕ್ಕದ ಬೂವನಹಳ್ಳಿಯ ವಿಮಾನ ನಿಲ್ದಾಣಕ್ಕೆ 2007ರಲ್ಲೇ ಅಡಿಗಲ್ಲು ಬಿದ್ದರೂ ವರ್ಷಗಟ್ಟಲೆ ಅದರ ಬಾಗಿಲು ತೆರೆಯಲಿಲ್ಲ. ಅಡಿಗಲ್ಲು ಬಿದ್ದ ಮರುವರ್ಷವೇ ಬೆಂಗಳೂರಿನ ದೇವನಹಳ್ಳಿಯ ನಿಲ್ದಾಣ ಬಾಗಿಲು ತೆರೆದು, ಬಳಿಕ ಎರಡನೆಯ ಟರ್ಮಿನಲ್ಲನ್ನೂ ಕಟ್ಟಿಕೊಂಡಿತು. ನಮ್ಮ ಹಾಸನಾಂಬೆಯ ಗುಡಿಯ ಬಾಗಿಲಾದರೂ ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನಲ್ಲಿ ತಪ್ಪದೆ ತೆರೆಯುತ್ತದೆ. (ಆ ಬಾಗಿಲಿಗೆ ಚುನಾವಣೆಯೊಂದಿಗೆ ಸಂಬಂಧವಿಲ್ಲದಿರುವುದು ಅದಕ್ಕೆ ಕಾರಣವಿರಬಹುದು.)

ನಮ್ಮ ಬೀದಿಯ ನಿವೃತ್ತ ಗಣಿತದ ಮೇಷ್ಟ್ರಿಗೆ ಮಾತ್ರ ಈ ಲೆಕ್ಕಿಗರ ಮೇಲೆ ಅಪಾರ ವಿಶ್ವಾಸ. ಮಗಳು ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದಾಳೆ. ನೇರ ದೂರ ಸುಮಾರು 14,000 ಕಿಲೋಮೀಟರ್, ಹಾರಾಟ 18 ಗಂಟೆ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಾರೆ. ಈ ಅಂಕಿಯನ್ನು ಅಷ್ಟೊಂದು ಹಳಿಯುವಂತಿಲ್ಲ. 2021ರ ಜನವರಿಯಲ್ಲಿ ಅಲ್ಲಿಂದ ಹೊರಟ ಏರ್ ಇಂಡಿಯಾ ವಿಮಾನವನ್ನು ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲಿಂದ ಹಾರಿಸಿಕೊಂಡು ಎಲ್ಲೂ ನಿಲ್ಲಿಸದೆ ಬೆಂಗಳೂರಿಗೆ ತಂದಾಗ ಹಿಡಿದದ್ದೂ ಸುಮಾರು 17 ಗಂಟೆ. ಆದರೆ ಮೇಲಿನ ಗಾಳಿ ಬೆನ್ನಿಗೆ ಬೀಸಿದರೆ ಒಂದು ಹೊತ್ತು, ಎದುರಿಗೆ ಬೀಸಿದರೆ ಇನ್ನೊಂದು ಹೊತ್ತು. ಸೂತ್ರಕ್ಕೆ ಹೋಗುವುದೂ ಬರುವುದೂ ಒಂದೇ.

ಅಷ್ಟಕ್ಕೂ ಧ್ರುವವನ್ನು ದಾಟುವುದು ಪ್ರಯಾಣದ ಸುಲಭವಾದ ಭಾಗ. ಮೇಷ್ಟ್ರು ಚನ್ನರಾಯಪಟ್ಟಣ, ಕುಣಿಗಲ್ ದಾಟಿ ನೆಲಮಂಗಲ ಸೇರಬೇಕು, ಅಲ್ಲಿ ಲಾರಿಗಳ ಸಾಲಿನ ಹಿಂದೆ ನಿಂತು ಟೋಲ್ ಕಟ್ಟಬೇಕು, ಸಂಜೆಯ ಹೊತ್ತಾದರೆ ಹೆಬ್ಬಾಳದಲ್ಲಿ ತಾಳ್ಮೆಯ ಪರೀಕ್ಷೆ ಕೊಡಬೇಕು, ಮೂರು ಗಂಟೆ ಮುಂಚೆ ನಿಲ್ದಾಣ ಮುಟ್ಟಬೇಕು, ಅಲ್ಲಿ ಬೆಲ್ಟು ಬಿಚ್ಚಿ ಟ್ರೇಗೆ ಹಾಕಬೇಕು, ಉಪ್ಪಿನಕಾಯಿಯ ಡಬ್ಬಿ ಕೈಚೀಲದಲ್ಲಿದ್ದರೆ ಅದಕ್ಕೆ ಅಲ್ಲಿಯೇ ವಿದಾಯ ಹೇಳಬೇಕು. ಇದಿಷ್ಟಕ್ಕೆ ಹತ್ತು ಗಂಟೆಯಾದರೂ ಹಿಡಿಯುತ್ತದೆ ಎಂದು ನಾನು ಹೇಳಿದೆ.

“ಅದು ಪ್ರಯಾಣದ ಲೆಕ್ಕಕ್ಕೆ ಬರೋದಿಲ್ಲ ಕಣಯ್ಯ, ಅದು ಹೊರಡೋ ಲೆಕ್ಕ” ಎಂದು ಮೇಷ್ಟ್ರು ತಿದ್ದಿದರು.

ಕಳೆದ ವಾರ ಚಿಕ್ಕಮಗಳೂರಿನಲ್ಲಿ ಅವರ ನೆಂಟರ ಮನೆಯ ಗೃಹಪ್ರವೇಶವಿತ್ತು. ಹತ್ತು ಗಂಟೆಯ ಮುಹೂರ್ತಕ್ಕೆ ಮೇಷ್ಟ್ರು ಬೆಳಗ್ಗೆ ಆರಕ್ಕೇ ಬಸ್ ನಿಲ್ದಾಣದಲ್ಲಿ ನಿಂತು, ಬೇಲೂರಿನ ಮೇಲೆ ಹೋಗುವ ಬಸ್ಸಿನ ಕಿಟಕಿಯೊಳಗೆ ಕರವಸ್ತ್ರ ಎಸೆದು ಸೀಟು ಹಿಡಿಯುತ್ತಿದ್ದರು.